ಕಿವಿಗೊಡುವ ವಿದ್ಯೆ: ಒತ್ತೆಯಾಳುಗಳ ಬಿಡುಗಡೆಯ ಚರಿತ್ರೆಯಿಂದ ಕೆಲವು ಪಾಠಗಳು

ನಮ್ಮ ಮದ್ರಸಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳಿಗೆ ಭಾಷಣ ಸ್ಪರ್ಧೆ ನಡೆಯುತ್ತದೆ. ಪುಟ್ಟ ಮಕ್ಕಳು ಟೋಪಿ ಸರಿಪಡಿಸಿಕೊಂಡು ವೇದಿಕೆ ಏರಿ, ಬಾಯಿಪಾಠ ಮಾಡಿದ ಮಾತುಗಳನ್ನು ಗಟ್ಟಿ ಧ್ವನಿಯಲ್ಲಿ ಒಪ್ಪಿಸುವುದನ್ನು ಕಂಡು ತಂದೆತಾಯಿಗಳು ಹಿಗ್ಗುತ್ತಾರೆ. ಮಾತನಾಡಲು ಕಲಿಸಬೇಕಾದುದು ಸರಿಯೇ. ಆದರೆ ಇನ್ನೊಬ್ಬರ ಮಾತನ್ನು ಕೇಳಲು ಕಲಿಸುವ ಒಂದು ತರಗತಿಯನ್ನು, ಚೆನ್ನಾಗಿ ಕೇಳಿಸಿಕೊಂಡ ಮಗುವಿಗೆ ಕೊಡುವ ಒಂದು ಬಹುಮಾನವನ್ನು ನಾವು ಇಷ್ಟು ವರ್ಷಗಳ ಬೋಧನೆಯಲ್ಲಿ ಕಂಡಿಲ್ಲ. ಕೇಳುವುದು ಕಲಿಯಬೇಕಾದ ವಿದ್ಯೆಯೆಂದು ನಮಗೆ ಅನಿಸಿಯೇ ಇಲ್ಲ.

ಆದರೆ ಈ ಜಗತ್ತಿನಲ್ಲಿ ಕೇಳುವುದನ್ನೇ ವಾರಗಟ್ಟಲೆ ಕಲಿಸುವ ಒಂದು ಪಾಠಶಾಲೆಯಿದೆ. ಅದರ ವಿದ್ಯಾರ್ಥಿಗಳು ಪೊಲೀಸರು. ಬಂದೂಕು ಹಿಡಿದವನೊಬ್ಬನು ಅಮಾಯಕರನ್ನು ಕೋಣೆಯಲ್ಲಿ ಕೂಡಿಹಾಕಿ, ತನ್ನ ಬೇಡಿಕೆ ಈಡೇರದಿದ್ದರೆ ಅವರನ್ನು ಕೊಲ್ಲುವೆನೆಂದು ಬೆದರಿಸುವಾಗ, ಅವನೊಡನೆ ಮಾತನಾಡಿ ಎಲ್ಲರನ್ನೂ ಜೀವಂತವಾಗಿ ಹೊರತರುವುದೇ ಅವರ ಪರೀಕ್ಷೆ. ಅವರನ್ನು ಒತ್ತೆಯಾಳು ಸಂಧಾನಕಾರರು ಎನ್ನುತ್ತಾರೆ.

ಒತ್ತೆಯಾಳು ಎಂಬ ಪದ ಕನ್ನಡಿಗರಿಗೆ ಅಪರಿಚಿತವಲ್ಲ. 2000ದ ಜುಲೈ 30ರಂದು ವರನಟ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಅಪಹರಿಸಿದಾಗ ಇಡೀ ನಾಡು 108 ದಿನ ಉಸಿರು ಬಿಗಿಹಿಡಿದಿತ್ತು. ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್ ಮೊದಲಾದವರು ಕಾಡಿಗೆ ಹೋಗಿ ಬಂದು ನಡೆಸಿದ ಮಾತುಕತೆಯ ನಂತರ ಅವರು ಸುರಕ್ಷಿತವಾಗಿ ಮರಳಿದರು. ಎರಡು ವರ್ಷಗಳ ಬಳಿಕ ಅದೇ ವೀರಪ್ಪನ್‌ನ ಸೆರೆಗೆ ಸಿಕ್ಕ ಮಾಜಿ ಸಚಿವ ಎಚ್. ನಾಗಪ್ಪ ಅವರು ಜೀವಂತವಾಗಿ ಮನೆ ಸೇರಲಿಲ್ಲ. ಇಂತಹ ಮಾತುಕತೆಯಲ್ಲಿ ಏನು ಪಣಕ್ಕಿರುತ್ತದೆ ಎಂಬುದನ್ನು ನಮ್ಮ ಹಿರಿಯರಿಗೆ ಬೇರೆ ಹೇಳಬೇಕಿಲ್ಲ.

ಈ ವಿದ್ಯೆಯು ಶಿಸ್ತುಬದ್ಧ ತರಬೇತಿಯಾಗಿ ರೂಪುಗೊಂಡದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, 1970ರ ದಶಕದಲ್ಲಿ. ಅದರ ಆರಂಭದ ಅಧ್ಯಾಯಗಳಲ್ಲಿ ಮುಸ್ಲಿಮರು ಎರಡೂ ಕಡೆ ಕಾಣಿಸಿಕೊಳ್ಳುತ್ತಾರೆ: ಬಂದೂಕು ಹಿಡಿದವರಾಗಿಯೂ, ಆ ಬಂದೂಕನ್ನು ಕೆಳಗಿಡಿಸಿದವರಾಗಿಯೂ. ಆದುದರಿಂದ ಈ ಚರಿತ್ರೆಯನ್ನು ಮುಚ್ಚುಮರೆಯಿಲ್ಲದೆ ಓದುವುದು ನಮ್ಮ ಹೊಣೆಯೂ ಆಗಿದೆ.

ಬಲಪ್ರಯೋಗ ಸೋತ ಎರಡು ಸೆಪ್ಟೆಂಬರ್‌ಗಳು

1971ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಆಟಿಕಾ ಸೆರೆಮನೆಯಲ್ಲಿ ಕೈದಿಗಳು ದಂಗೆಯೆದ್ದು ಕಾವಲುಗಾರರನ್ನೂ ನೌಕರರನ್ನೂ ಒತ್ತೆಯಿರಿಸಿಕೊಂಡರು. ಅಲ್ಲಿದ್ದ ಕರಿಯ ಮುಸ್ಲಿಮ್ ಕೈದಿಗಳ ಗುಂಪೊಂದು ಒತ್ತೆಯಾಳುಗಳಿಗೆ ಯಾರೂ ಹಾನಿ ಮಾಡದಂತೆ ಅವರ ಸುತ್ತ ಕಾವಲು ನಿಂತಿತ್ತೆಂಬುದು ದಾಖಲಾದ ಸಂಗತಿ. ನಾಲ್ಕು ದಿನ ಮಾತುಕತೆ ನಡೆಯಿತು. ಸೆಪ್ಟೆಂಬರ್ 13ರಂದು ರಾಜ್ಯದ ಪೊಲೀಸರು ಗುಂಡು ಹಾರಿಸುತ್ತಾ ಒಳನುಗ್ಗಿದರು. ಆ ಗುಂಡುಗಳಿಗೆ 29 ಕೈದಿಗಳೂ 10 ಒತ್ತೆಯಾಳುಗಳೂ ಬಲಿಯಾದರು. ಒತ್ತೆಯಾಳುಗಳ ಕತ್ತು ಕೊಯ್ದವರು ಕೈದಿಗಳೇ ಎಂದು ಅಧಿಕಾರಿಗಳು ಮೊದಲು ಸಾರಿದರು. ಶವಪರೀಕ್ಷೆಯು ಆ ಮಾತನ್ನು ಸುಳ್ಳಾಗಿಸಿತು. ರಕ್ಷಿಸಲು ಬಂದವರ ಗುಂಡುಗಳೇ ಅವರ ಪ್ರಾಣ ತೆಗೆದಿದ್ದವು.

ಒಂದು ವರ್ಷ ಕಳೆಯುವಷ್ಟರಲ್ಲಿ, 1972ರ ಸೆಪ್ಟೆಂಬರ್ 5ರ ಮುಂಜಾನೆ, ಜರ್ಮನಿಯ ಮ್ಯೂನಿಕ್ ಒಲಿಂಪಿಕ್ ಗ್ರಾಮದಲ್ಲಿ ‘ಬ್ಲ್ಯಾಕ್ ಸೆಪ್ಟೆಂಬರ್’ ಸಂಘಟನೆಯ ಎಂಟು ಬಂದೂಕುಧಾರಿಗಳು ಇಸ್ರೇಲಿ ಕ್ರೀಡಾಪಟುಗಳ ಮನೆಗೆ ನುಗ್ಗಿದರು. ಆರಂಭದಲ್ಲೇ ಇಬ್ಬರು ಕೊಲ್ಲಲ್ಪಟ್ಟು, ಒಂಬತ್ತು ಮಂದಿ ಒತ್ತೆಯಾಳುಗಳಾದರು. ಅವರೊಡನೆ ಮಾತನಾಡಲು ನಿಂತವರು ನಗರದ ಪೊಲೀಸ್ ಮುಖ್ಯಸ್ಥರು ಮತ್ತು ಸಚಿವರು. ಅಂದರೆ ತೀರ್ಮಾನ ಕೈಗೊಳ್ಳಬೇಕಾದವರೇ. ಇಂತಹ ಸಂಧಾನಕ್ಕೆಂದು ತರಬೇತಾದವರು ಅಲ್ಲಿ ಇರಲಿಲ್ಲ. ರಾತ್ರಿ ಫ್ಯೂರ್ಸ್ಟೆನ್‌ಫೆಲ್ಡ್‌ಬ್ರುಕ್ ವಿಮಾನ ನಿಲ್ದಾಣದಲ್ಲಿ ಹೊಂಚು ಹಾಕಿದ ಗುರಿಕಾರರು ಐವರೇ. ಅವರಿಗೆ ಆ ಕೆಲಸದ ವಿಶೇಷ ತರಬೇತಿಯೂ ಇರಲಿಲ್ಲ, ಪರಸ್ಪರ ಮಾತನಾಡಲು ವೈರ್‌ಲೆಸ್ ಕೂಡ ಇರಲಿಲ್ಲ. ಒಂಬತ್ತು ಒತ್ತೆಯಾಳುಗಳೂ ಒಬ್ಬ ಜರ್ಮನ್ ಪೊಲೀಸನೂ ಐವರು ಬಂದೂಕುಧಾರಿಗಳೂ ಸತ್ತರು.

ಫೆಲೆಸ್ತೀನಿಯರ ಮೇಲಾದ ಅನ್ಯಾಯವನ್ನು ನೆನೆದು ನಮ್ಮ ಹೃದಯಗಳು ಮಿಡಿಯುವುದು ನಿಜ. ಆದರೆ ಆಟವಾಡಲು ಬಂದ ನಿರಾಯುಧರನ್ನು ಕಟ್ಟಿಹಾಕಿ ಕೊಲ್ಲುವುದಕ್ಕೆ ಆ ಅನ್ಯಾಯವು ಸಮರ್ಥನೆಯಾಗದು. ಈ ಮಾತನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಿ ಮುಂದೆ ಸಾಗುತ್ತೇವೆ.

ನ್ಯೂಯಾರ್ಕಿನ ಪಾಠಶಾಲೆ

ಮ್ಯೂನಿಕ್‌ನಲ್ಲಿ ಆದದ್ದು ನಾಳೆ ನಮ್ಮ ನಗರದಲ್ಲಿ ಆದರೆ ಏನು ಗತಿ ಎಂಬ ಪ್ರಶ್ನೆ ನ್ಯೂಯಾರ್ಕ್ ಪೊಲೀಸರನ್ನು ಕಾಡಿತು. ಆಯುಕ್ತ ಪ್ಯಾಟ್ರಿಕ್ ಮರ್ಫಿ ಅವರ ಕಾಲದಲ್ಲಿ ಒಂದು ಹೊಸ ಯೋಜನೆ ಸಿದ್ಧವಾಗತೊಡಗಿತು. ಅದಕ್ಕೆ ಜೀವ ತುಂಬಿದವರಲ್ಲಿ ಹಾರ್ವೆ ಶ್ಲಾಸ್‌ಬರ್ಗ್ ಮತ್ತು ಫ್ರಾಂಕ್ ಬೋಲ್ಜ್ ಪ್ರಮುಖರು. ಶ್ಲಾಸ್‌ಬರ್ಗ್ ಅವರು ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದವರು. ಒಳಗೆ ಸಿಕ್ಕಿಕೊಂಡಿರುವ ಬಂದೂಕುಧಾರಿಯು ಭಯಗ್ರಸ್ತ ಮನುಷ್ಯ, ಅವನ ಭಯವನ್ನು ಹೆಚ್ಚಿಸುವ ಪ್ರತಿಯೊಂದು ಕ್ರಮವೂ ಒತ್ತೆಯಾಳಿನ ಪ್ರಾಣಕ್ಕೆ ಕುತ್ತು ಎಂಬುದು ಅವರ ವಿಚಾರವಾಗಿತ್ತು.

ಯೋಜನೆ ಪೂರ್ಣಗೊಳ್ಳುವ ಮೊದಲೇ ಪರೀಕ್ಷೆ ಎದುರಾಯಿತು. 1973ರ ಜನವರಿ 19ರ ಸಂಜೆ ಬ್ರೂಕ್ಲಿನ್‌ನ ಕ್ರೀಡಾಸಾಮಗ್ರಿ ಅಂಗಡಿಯೊಂದಕ್ಕೆ ನಾಲ್ವರು ಆಫ್ರಿಕನ್-ಅಮೆರಿಕನ್ ಮುಸ್ಲಿಮ್ ಯುವಕರು ಬಂದೂಕುಗಳನ್ನು ದೋಚಲು ನುಗ್ಗಿದರು. ಪೊಲೀಸರು ಸುತ್ತುವರಿದರು. ಗುಂಡಿನ ಚಕಮಕಿಯಲ್ಲಿ ಒಬ್ಬ ಪೊಲೀಸನು ಹತನಾದನು. ಸಹೋದ್ಯೋಗಿಯ ಶವವನ್ನು ಕಂಡ ಪೊಲೀಸರ ರಕ್ತ ಕುದಿಯುತ್ತಿತ್ತು. ಒಳನುಗ್ಗಬೇಕೆಂಬ ಒತ್ತಡ ಬಲವಾಗಿತ್ತು. ಕಾಯಬೇಕು, ಮಾತಿನ ದಾರಿಯನ್ನು ತೆರೆದಿಡಬೇಕು ಎಂದು ಶ್ಲಾಸ್‌ಬರ್ಗ್ ಪಟ್ಟು ಹಿಡಿದರು. ಮುತ್ತಿಗೆಯು 47 ಗಂಟೆಗಳ ಕಾಲ ನಡೆಯಿತು. ಕೊನೆಗೆ ಮುಚ್ಚಿಹಾಕಿದ್ದ ಒಂದು ಮೆಟ್ಟಿಲದಾರಿಯ ಮೂಲಕ ಒತ್ತೆಯಾಳುಗಳು ಮಾಳಿಗೆಗೆ ತಪ್ಪಿಸಿಕೊಂಡು ಹೋದರು. ಆ ಬಳಿಕ ಯುವಕರು ಶರಣಾದರು. ಒಬ್ಬ ಒತ್ತೆಯಾಳೂ ಸಾಯಲಿಲ್ಲ. ಕಾಯ್ದದ್ದರಿಂದಲೇ ಆ ದಾರಿ ತೆರೆಯಿತೆಂಬುದನ್ನು ಪೊಲೀಸರು ಮರೆಯಲಿಲ್ಲ.

ಅದೇ ವರ್ಷ ಆಯ್ದ ಪತ್ತೇದಾರಿ ಪೊಲೀಸರಿಗೆ ನಾಲ್ಕು ವಾರಗಳ ತರಬೇತಿ ಆರಂಭವಾಯಿತು. ಫ್ರಾಂಕ್ ಬೋಲ್ಜ್ ಆ ತಂಡದ ಮುಖ್ಯಸ್ಥರಾದರು. ಸ್ವಇಚ್ಛೆಯಿಂದ ಮುಂದೆ ಬಂದವರನ್ನು ಮಾತ್ರ, ಅದರಲ್ಲೂ ಸಂದರ್ಶನ ಮತ್ತು ಮಾನಸಿಕ ಪರೀಕ್ಷೆಗಳಲ್ಲಿ ತಾಳ್ಮೆಯುಳ್ಳವರೆಂದು ಕಂಡುಬಂದವರನ್ನು ಮಾತ್ರ ಆರಿಸಲಾಯಿತು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕ್ವಾಂಟಿಕೊ ಅಕಾಡೆಮಿಯಲ್ಲಿ ಅದೇ ದಶಕದಲ್ಲಿ ಈ ಪಾಠವನ್ನು ಅಳವಡಿಸಿಕೊಂಡಿತು. 1975ರಲ್ಲಿ ಲಂಡನ್ನಿನ ಸ್ಪಗೆಟಿ ಹೌಸ್ ಎಂಬ ಹೋಟೆಲಿನ ಸಿಬ್ಬಂದಿಯನ್ನು ಬಂದೂಕುಧಾರಿಗಳು ಕೂಡಿಹಾಕಿದಾಗ ಅಲ್ಲಿನ ಪೊಲೀಸರೂ ಕಾಯುವ ದಾರಿಯನ್ನೇ ಹಿಡಿದರು. ಆರನೆಯ ದಿನ ಎಲ್ಲ ಒತ್ತೆಯಾಳುಗಳೂ ಜೀವಂತವಾಗಿ ಹೊರಬಂದರು.

ಅಲ್ಲಿ ಏನನ್ನು ಕಲಿಸುತ್ತಾರೆ?

ಮೊದಲನೆಯ ಪಾಠ: ತೀರ್ಮಾನಿಸುವವನು ಮಾತನಾಡಬಾರದು, ಮಾತನಾಡುವವನು ತೀರ್ಮಾನಿಸಬಾರದು. ಮ್ಯೂನಿಕ್‌ನಲ್ಲಿ ಆದಂತೆ ಅಧಿಕಾರವುಳ್ಳವನೇ ಎದುರಿಗೆ ನಿಂತರೆ, ಬಂದೂಕುಧಾರಿಯು ಆ ಕ್ಷಣವೇ ಉತ್ತರ ಬೇಕೆಂದು ಪೀಡಿಸುತ್ತಾನೆ. ಸಂಧಾನಕಾರನಾದರೋ “ಮೇಲಿನವರನ್ನು ಕೇಳಿ ಹೇಳುತ್ತೇನೆ” ಎಂದು ಪ್ರಾಮಾಣಿಕವಾಗಿಯೇ ಹೇಳಬಲ್ಲನು. ಅದರಿಂದ ಕಾಲಾವಕಾಶ ದೊರೆಯುತ್ತದೆ.

ಎರಡನೆಯ ಪಾಠ: ಕಾಲವು ಸಂಧಾನಕಾರನ ಮಿತ್ರ. ಆರಂಭದ ಗಳಿಗೆಗಳಲ್ಲಿ ಕೋಪವೂ ಭಯವೂ ಶಿಖರದಲ್ಲಿರುತ್ತವೆ. ಗಂಟೆಗಳು ಉರುಳಿದಂತೆ ಹಸಿವು, ಬಾಯಾರಿಕೆ, ನಿದ್ದೆ ಎಲ್ಲವೂ ಬಂದೂಕುಧಾರಿಯನ್ನು ಮತ್ತೆ ಸಾಮಾನ್ಯ ಮನುಷ್ಯನನ್ನಾಗಿ ಮಾಡುತ್ತವೆ. ಅವನು ಊಟ ಕೇಳಿದರೆ ಅದಕ್ಕೆ ಪ್ರತಿಯಾಗಿ ಒಬ್ಬರನ್ನಾದರೂ ಬಿಡುವಂತೆ ಕೇಳುವ ಅವಕಾಶ ಸಿಗುತ್ತದೆ. ಆದರೆ ಆಯುಧವನ್ನು ಮಾತ್ರ ಎಂದೂ ಕೊಡುವಂತಿಲ್ಲ.

ಮೂರನೆಯದು ಕೇಳುವ ಪಾಠ. ತರಬೇತಿಯ ಬಹುಪಾಲು ವ್ಯಯವಾಗುವುದು ಇದಕ್ಕೇ. ಎದುರಿನವನು ಮಾತನಾಡುವಾಗ ನಡುವೆ ಬಾಯಿಹಾಕದಿರುವುದು, ಅವನ ಮಾತಿನ ಕೊನೆಯ ಪದಗಳನ್ನು ಮೆಲ್ಲಗೆ ಪುನರುಚ್ಚರಿಸಿ ಮುಂದುವರಿಯಲು ಬಿಡುವುದು, ಅವನು ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಿ, ಸರಿಯಾಗಿ ಅರ್ಥವಾಯಿತೇ ಎಂದು ಅವನನ್ನೇ ಕೇಳುವುದು, “ನಿಮಗೆ ಮೋಸವಾಯಿತೆಂದು ನಿಮಗೆ ತುಂಬಾ ನೋವಾಗಿದೆ” ಎಂದು ಅವನ ಭಾವನೆಗೆ ಹೆಸರು ಕೊಡುವುದು, ಹೌದು ಅಥವಾ ಇಲ್ಲ ಎಂಬ ಒಂದೇ ಪದದಲ್ಲಿ ಉತ್ತರ ಮುಗಿಯದಂತಹ ಪ್ರಶ್ನೆಗಳನ್ನು ಕೇಳುವುದು, ಮೌನಕ್ಕೆ ಹೆದರದಿರುವುದು. ಓದುವಾಗ ಇವೆಲ್ಲ ಸುಲಭವೆನಿಸುತ್ತವೆ. ಅದಕ್ಕಾಗಿಯೇ ಅಲ್ಲಿ ಪುಸ್ತಕದ ಪಾಠಕ್ಕಿಂತ ಅಭಿನಯದ ಪಾಠ ಹೆಚ್ಚು. ಒಬ್ಬನು ಬಂದೂಕುಧಾರಿಯಾಗಿ ನಟಿಸುತ್ತಾ ಬೈಯುತ್ತಾನೆ, ಕೂಗುತ್ತಾನೆ, ಗಡುವು ವಿಧಿಸುತ್ತಾನೆ. ಇನ್ನೊಬ್ಬನು ಧ್ವನಿಯೇರಿಸದೆ ಕೇಳುತ್ತಾ ಹೋಗಬೇಕು. ಅವನ ಪಕ್ಕದಲ್ಲಿ ಮತ್ತೊಬ್ಬನು ಕುಳಿತು, ತಾನು ಮಾತನಾಡದೆ ಚೀಟಿ ಬರೆದು ಎಚ್ಚರಿಸುತ್ತಾನೆ. ಏಕೆಂದರೆ ಮಾತನಾಡುವವನಿಗೆ ತನ್ನ ಕೋಪವು ತನಗೇ ಕಾಣುವುದಿಲ್ಲ.

ಎಫ್‌ಬಿಐ ಸಂಧಾನಕಾರರು ಮುಂದೆ ಇದನ್ನು ಐದು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು: ಗಮನವಿಟ್ಟು ಕೇಳುವುದು, ಅವನ ನೋವನ್ನು ಅರಿಯುವುದು, ವಿಶ್ವಾಸ ಬೆಳೆಸುವುದು, ಆಮೇಲೆ ಪ್ರಭಾವ ಬೀರುವುದು, ಕೊನೆಗೆ ಅವನ ನಡತೆ ಬದಲಾಗುವುದು. ಉಪದೇಶಕ್ಕೆ ನಾಲ್ಕನೆಯ ಮೆಟ್ಟಿಲಿಗಿಂತ ಮುಂಚೆ ಜಾಗವಿಲ್ಲ. ಮಿಂಬರ್‌ನಲ್ಲಿ ನಿಲ್ಲುವ ನಮ್ಮಂಥವರು ಮೊದಲ ಮೂರು ಮೆಟ್ಟಿಲುಗಳನ್ನು ಹತ್ತದೆಯೇ ನಾಲ್ಕನೆಯದಕ್ಕೆ ಜಿಗಿಯುತ್ತೇವೆಂಬುದನ್ನು ಒಪ್ಪಿಕೊಳ್ಳಬೇಕು.

ಕೊನೆಯದಾಗಿ, ಸುಳ್ಳು ಭರವಸೆ ಕೊಡಬಾರದೆಂಬ ಪಾಠ. ಆಗದ ಬೇಡಿಕೆಯನ್ನು ಈಡೇರಿಸುವೆವೆಂದು ಹೇಳಿ ಒಮ್ಮೆ ಸಿಕ್ಕಿಬಿದ್ದರೆ, ಅಂದು ಮಾತ್ರವಲ್ಲ, ಮುಂದೆಂದೂ ಸಂಧಾನಕಾರನನ್ನು ಯಾರೂ ನಂಬುವುದಿಲ್ಲ.

ಮಕ್ಕಳನ್ನು ಕಳೆದುಕೊಂಡ ತಂದೆ

ಈ ಹೊಸ ವಿದ್ಯೆಗೆ 1977ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಬಹುದೊಡ್ಡ ಪರೀಕ್ಷೆ ಎದುರಾಯಿತು. ಅದರ ಬೇರು ನಾಲ್ಕು ವರ್ಷ ಹಿಂದಿನದು.

ಹಮಾಸ್ ಅಬ್ದುಲ್ ಖಾಲಿಸ್ ಎಂಬವರು ಒಂದು ಕಾಲದಲ್ಲಿ ‘ನೇಶನ್ ಆಫ್ ಇಸ್ಲಾಮ್’ ಎಂಬ ಸಂಘಟನೆಯ ಪದಾಧಿಕಾರಿಯಾಗಿದ್ದರು. ಆ ಸಂಘಟನೆಯ ಬೋಧನೆಗಳು ಇಸ್ಲಾಮಿನ ಮೂಲ ವಿಶ್ವಾಸಗಳಿಗೆ ವಿರುದ್ಧವೆಂದು ಮನಗಂಡು ಹೊರಬಂದು, ತಮ್ಮದೇ ಒಂದು ಸಣ್ಣ ಗುಂಪನ್ನು ಕಟ್ಟಿ ಅದಕ್ಕೆ ‘ಹನಫೀ’ ಎಂಬ ಹೆಸರಿಟ್ಟುಕೊಂಡರು. ನಮ್ಮ ನಾಡಿನಲ್ಲಿ ಇಮಾಮ್ ಅಬೂ ಹನೀಫಾ(ರ) ಅವರ ಮದ್‌ಹಬನ್ನು ಅನುಸರಿಸುವ ಲಕ್ಷಾಂತರ ಕುಟುಂಬಗಳಿವೆ. ಖಾಲಿಸ್ ಅವರ ಕೃತ್ಯಕ್ಕೂ ಆ ಮದ್‌ಹಬಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಖಾಲಿಸ್ ಅವರು ನೇಶನ್ ಆಫ್ ಇಸ್ಲಾಮ್‌ನ ನಾಯಕ ಎಲಿಜಾ ಮುಹಮ್ಮದ್ ಅವರನ್ನು ಕಟುವಾಗಿ ಟೀಕಿಸಿ ಪತ್ರಗಳನ್ನು ಬರೆದರು. 1973ರ ಜನವರಿ 18ರಂದು, ಅಂದರೆ ಬ್ರೂಕ್ಲಿನ್ ಅಂಗಡಿಯ ಮುತ್ತಿಗೆಗೆ ಒಂದು ದಿನ ಮೊದಲು, ಹಂತಕರ ತಂಡವು ವಾಷಿಂಗ್ಟನ್‌ನಲ್ಲಿನ ಅವರ ಮನೆಗೆ ನುಗ್ಗಿತು. ಖಾಲಿಸ್ ಆಗ ಮನೆಯಲ್ಲಿರಲಿಲ್ಲ. ಹಂತಕರು ಏಳು ಮಂದಿಯನ್ನು ಕೊಂದರು. ಅವರಲ್ಲಿ ಐವರು ಮಕ್ಕಳು. ಒಂಬತ್ತು ದಿನಗಳ ಹಸುಗೂಸನ್ನೂ ಅವರು ನೀರಿನಲ್ಲಿ ಮುಳುಗಿಸಿ ಸಾಯಿಸಿದರು. ಬ್ರೂಕ್ಲಿನ್‌ನ ಯುವಕರು ತಮಗೆ ಬಂದೂಕು ಬೇಕಾದದ್ದು ಇಂತಹ ದಾಳಿಯಿಂದ ತಮ್ಮ ಕುಟುಂಬಗಳನ್ನು ರಕ್ಷಿಸಿಕೊಳ್ಳಲೆಂದೇ ವಾದಿಸಿದರು. ಒಂದು ಅಕ್ರಮವು ಎಷ್ಟು ಬೇಗ ಮತ್ತೊಂದಕ್ಕೆ ನೆಪವಾಗುತ್ತದೆ ನೋಡಿರಿ!

ಹಂತಕರಲ್ಲಿ ಹಲವರಿಗೆ ಶಿಕ್ಷೆಯಾಯಿತು. ಆದರೆ ಖಾಲಿಸ್ ಅವರ ಮನಸ್ಸು ತಣಿಯಲಿಲ್ಲ. ವಿಚಾರಣೆಯ ವೇಳೆ ನ್ಯಾಯಾಲಯದಲ್ಲಿ ಅವರು ಆಕ್ರೋಶದಿಂದ ಕೂಗಿದಾಗ ನ್ಯಾಯಾಂಗ ನಿಂದನೆಗಾಗಿ ಅವರಿಗೇ 750 ಡಾಲರ್ ದಂಡ ವಿಧಿಸಲಾಗಿತ್ತು. ಕೂಸುಗಳನ್ನು ಮಣ್ಣು ಮಾಡಿದ ತಂದೆಯಿಂದ ದಂಡ ಕಟ್ಟಿಸಿಕೊಂಡರು! ಹಣ ದೊಡ್ಡದಲ್ಲದಿದ್ದರೂ ಆ ಗಾಯ ದೊಡ್ಡದಾಗಿತ್ತು.

1977ರ ಮಾರ್ಚ್ 9ರಂದು ಖಾಲಿಸ್ ಮತ್ತು ಅವರ 11 ಮಂದಿ ಅನುಯಾಯಿಗಳು ವಾಷಿಂಗ್ಟನ್‌ನ ಮೂರು ಕಟ್ಟಡಗಳನ್ನು ವಶಪಡಿಸಿಕೊಂಡರು: ಯಹೂದಿ ಸಂಘಟನೆ ಬ್ನೈ ಬ್ರಿತ್‌ನ ಕೇಂದ್ರ ಕಚೇರಿ, ನಗರಾಡಳಿತದ ಕಟ್ಟಡ ಮತ್ತು ವಾಷಿಂಗ್ಟನ್ ಇಸ್ಲಾಮಿಕ್ ಸೆಂಟರ್. ಒತ್ತೆಯಾಳುಗಳ ಸಂಖ್ಯೆ 149. ಇಸ್ಲಾಮಿಕ್ ಸೆಂಟರಿನ ನಿರ್ದೇಶಕ, ಈಜಿಪ್ಟಿನ ವಿದ್ವಾಂಸ ಡಾ. ಮುಹಮ್ಮದ್ ಅಬ್ದುಲ್ ರವೂಫ್ ಅವರೂ ಅವರಲ್ಲೊಬ್ಬರು. ನಗರಾಡಳಿತದ ಕಟ್ಟಡದಲ್ಲಿ 24 ವರ್ಷದ ರೇಡಿಯೊ ವರದಿಗಾರ ಮೌರಿಸ್ ವಿಲಿಯಮ್ಸ್ ಗುಂಡಿಗೆ ಬಲಿಯಾದರು. ಗುಂಡು ತಗಲಿದ ಒಬ್ಬ ಕಾವಲುಗಾರನು ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡನು.

ಖಾಲಿಸ್ ಅವರ ಬೇಡಿಕೆಗಳಲ್ಲಿ ಮುಖ್ಯವಾದವು ಮೂರು. ತನ್ನ ಕುಟುಂಬದ ಹಂತಕರನ್ನು ತನಗೆ ಒಪ್ಪಿಸಬೇಕು. ದಂಡದ 750 ಡಾಲರ್ ಹಿಂತಿರುಗಿಸಬೇಕು. ಪ್ರವಾದಿ(ಸ)ರ ಜೀವನ ಕುರಿತು ಮುಸ್ತಫಾ ಅಕ್ಕಾದ್ ನಿರ್ಮಿಸಿದ, ಆಗಷ್ಟೇ ಅಮೆರಿಕದಲ್ಲಿ ತೆರೆಕಂಡ ಚಲನಚಿತ್ರದ ಪ್ರದರ್ಶನವನ್ನು ನಿಲ್ಲಿಸಬೇಕು. ಆ ಚಿತ್ರದಲ್ಲಿ ಪ್ರವಾದಿ(ಸ)ರನ್ನು ತೋರಿಸಿರಲಿಲ್ಲ ಎಂಬುದು ಬೇರೆ ಮಾತು. ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದ ಹೆಣ್ಣುಮಕ್ಕಳು ಖಾಲಿಸ್ ಅವರ ಮಕ್ಕಳ ಕೊಲೆಯಲ್ಲಿ ಏನು ಪಾಪ ಮಾಡಿದ್ದರು? ಅನ್ಯಾಯಕ್ಕೊಳಗಾದ ತಂದೆಯು ತಾನೇ ಅನ್ಯಾಯಗಾರನಾಗಿಬಿಟ್ಟಿದ್ದನು.

ಮೂವರು ರಾಯಭಾರಿಗಳು

ಪೊಲೀಸರು ಒಳನುಗ್ಗಲಿಲ್ಲ. ಗಂಟೆಗಟ್ಟಲೆ ಫೋನಿನಲ್ಲಿ ಖಾಲಿಸ್ ಅವರ ಮಾತುಗಳನ್ನು ಕೇಳುತ್ತಾ ಹೋದರು. ದಂಡದ ಹಣವನ್ನು ಮರಳಿಸಲಾಯಿತು, ಚಿತ್ರಪ್ರದರ್ಶನವನ್ನು ತಾತ್ಕಾಲಿಕವಾಗಿ ತಡೆಯಲಾಯಿತು. ಹಂತಕರನ್ನು ಒಪ್ಪಿಸುವ ಬೇಡಿಕೆಗೆ ಮಾತ್ರ ಯಾರೂ ಮಣಿಯಲಿಲ್ಲ. ಈ ನಡುವೆ ರೇಡಿಯೊದಲ್ಲಿ ಈ ಗುಂಪನ್ನು ‘ಬ್ಲ್ಯಾಕ್ ಮುಸ್ಲಿಮ್’ ಎಂದು ಕರೆದದ್ದು ಖಾಲಿಸ್ ಅವರನ್ನು ಕೆರಳಿಸಿತು. ಅದು ಅವರ ಮಕ್ಕಳನ್ನು ಕೊಂದ ಸಂಘಟನೆಗೆ ಅಂಟಿಕೊಂಡಿದ್ದ ಹೆಸರು. ಒಂದು ತಪ್ಪು ಪದಕ್ಕೆ ಒಂದು ಜೀವವೇ ಬೆಲೆಯಾಗಬಹುದಿತ್ತು. ಕೊನೆಗೆ ಕ್ಷಮೆಯಾಚಿಸಿದ ಮೇಲೆ ಅದು ಶಮನವಾಯಿತು.

ಆಗ ಮುಂದೆ ಬಂದವರು ಮೂರು ಮುಸ್ಲಿಮ್ ರಾಷ್ಟ್ರಗಳ ರಾಯಭಾರಿಗಳು: ಈಜಿಪ್ಟಿನ ಅಶ್ರಫ್ ಗುರ್ಬಾಲ್, ಇರಾನಿನ ಅರ್ದಶೀರ್ ಝಾಹಿದಿ ಮತ್ತು ಪಾಕಿಸ್ತಾನದ ಸಾಹಿಬ್‌ಝಾದಾ ಯಾಕೂಬ್ ಖಾನ್. ಇವರಲ್ಲಿ ಯಾಕೂಬ್ ಖಾನ್ ನಮ್ಮ ದೇಶದ ರಾಮ್‌ಪುರದಲ್ಲಿ 1920ರಲ್ಲಿ ಜನಿಸಿದವರು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕಿ ಯುದ್ಧಕೈದಿಯಾಗಿದ್ದವರು. ಸೆರೆಯೆಂದರೆ ಏನೆಂದು ಅನುಭವಿಸಿ ಬಲ್ಲವರು. 1971ರ ಮಾರ್ಚ್‌ನಲ್ಲಿ ಪೂರ್ವ ಪಾಕಿಸ್ತಾನದ ಸೇನಾಧಿಪತಿಯಾಗಿದ್ದಾಗ, ಅಲ್ಲಿನ ಜನರ ಮೇಲೆ ಸೈನಿಕ ಕಾರ್ಯಾಚರಣೆ ನಡೆಸಲು ಒಪ್ಪದೆ ಹುದ್ದೆಗೆ ರಾಜೀನಾಮೆ ಕೊಟ್ಟವರು. ಗುಂಡು ಹಾರಿಸದಿರುವುದಕ್ಕೂ ಧೈರ್ಯ ಬೇಕೆಂಬುದನ್ನು ಅವರು ಅದಾಗಲೇ ತೋರಿಸಿದ್ದರು.

ಮೊದಲು ಫೋನಿನಲ್ಲಿ ಮಾತುಕತೆ ನಡೆಯಿತು. ಮಾರ್ಚ್ 10ರ ರಾತ್ರಿ ಬ್ನೈ ಬ್ರಿತ್ ಕಟ್ಟಡದ ನೆಲಮಹಡಿಯಲ್ಲಿ ಒಂದು ಮೇಜಿನ ಸುತ್ತ ರಾಯಭಾರಿಗಳೂ ಪೊಲೀಸ್ ಅಧಿಕಾರಿಗಳೂ ಖಾಲಿಸ್ ಅವರೊಡನೆ ಮುಖಾಮುಖಿಯಾಗಿ ಕುಳಿತರು. ಮಾತುಕತೆಗೆ ಬಂದವರು ನಿರಾಯುಧರಾಗಿದ್ದರು. ಮೇಲಿನ ಅಂತಸ್ತಿನಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣಭಯದಲ್ಲಿದ್ದರು. ರಾಯಭಾರಿಗಳು ಖಾಲಿಸ್ ಅವರ ಮಕ್ಕಳ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಅವರೊಡನೆ ಕುರ್‌ಆನ್‌ನ ಸೂಕ್ತಗಳನ್ನು ಓದಿದರು, ಅವುಗಳ ಅರ್ಥದ ಕುರಿತು ಚರ್ಚಿಸಿದರು, ಅಲ್ಲಾಹನ ಕರುಣೆಯನ್ನು ನೆನಪಿಸಿದರು. ಯಾರ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ದೂರ ಒಯ್ಯದಿರಲಿ ಎಂಬ ಅರ್ಥದ ಆಜ್ಞೆಯು ‘ಅಲ್ ಮಾಇದಾ’ ಅಧ್ಯಾಯದಲ್ಲಿದೆಯೆಂಬುದನ್ನು ನಾವೆಲ್ಲರೂ ಬಲ್ಲೆವು. ಆ ರಾತ್ರಿಯ ಇಡೀ ಮಾತುಕತೆಯೇ ಆ ಆಜ್ಞೆಯ ವಿವರಣೆಯಂತಿತ್ತು.

ಮಾರ್ಚ್ 11ರ ನಸುಕಿನಲ್ಲಿ, ಸುಮಾರು 39 ಗಂಟೆಗಳ ನಂತರ, ಎಲ್ಲ ಒತ್ತೆಯಾಳುಗಳೂ ಬಿಡುಗಡೆಗೊಂಡರು. ಮೂರು ಕಟ್ಟಡಗಳಲ್ಲೂ ಆಯುಧಗಳನ್ನು ಕೆಳಗಿಡಲಾಯಿತು. ಆ ದಿನ ಶುಕ್ರವಾರವಾಗಿತ್ತು.

ಈ ಒಪ್ಪಂದಕ್ಕೆ ಒಂದು ಬೆಲೆಯೂ ಇತ್ತು. ವಿಚಾರಣೆ ಆರಂಭವಾಗುವವರೆಗೆ ಖಾಲಿಸ್ ಅವರನ್ನು ಸೆರೆಯಲ್ಲಿಡದೆ ಮನೆಗೆ ಬಿಡಬೇಕೆಂಬ ಷರತ್ತನ್ನು ಸರಕಾರ ಒಪ್ಪಿತ್ತು. ಕೊಟ್ಟ ಮಾತಿನಂತೆ ಅವರನ್ನು ಬಿಡಲಾಯಿತು. ಅದಕ್ಕೆ ತೀವ್ರ ಟೀಕೆ ವ್ಯಕ್ತವಾಯಿತು. ಮುಂದೆ ಬೆದರಿಕೆಯ ಮಾತುಗಳನ್ನಾಡಿ ಷರತ್ತು ಮುರಿದಾಗ ಅವರನ್ನು ಬಂಧಿಸಲಾಯಿತು. ಅದೇ ವರ್ಷ ನ್ಯಾಯಾಲಯವು ಅವರಿಗೆ 41ರಿಂದ 123 ವರ್ಷಗಳ ಸೆರೆವಾಸ ವಿಧಿಸಿತು. 2003ರಲ್ಲಿ ಅವರು ಸೆರೆಮನೆಯಲ್ಲೇ ನಿಧನರಾದರು. ಅಂದರೆ ಅಪರಾಧಕ್ಕೆ ಶಿಕ್ಷೆಯಾಗದೇ ಹೋಗಲಿಲ್ಲ. ಅವರ ಮಾತನ್ನು ಕೇಳಿದ್ದರಿಂದ ನ್ಯಾಯವು ಸೋಲಲಿಲ್ಲ. ನ್ಯಾಯಾಲಯದ ಬಾಗಿಲವರೆಗೆ ಎಲ್ಲರೂ ಜೀವಂತವಾಗಿ ತಲುಪಿದರು, ಅಷ್ಟೆ.

ಇಲ್ಲೊಂದು ಎಚ್ಚರಿಕೆಯ ಮಾತೂ ಅಗತ್ಯ. ಹೊರಗಿನವರನ್ನು ಸಂಧಾನಕ್ಕೆ ಕರೆತರುವ ವಿಷಯದಲ್ಲಿ ತರಬೇತಿ ಶಾಲೆಗಳು ಇಂದಿಗೂ ಬಹಳ ಜಾಗರೂಕವಾಗಿವೆ. ಬಂಧುಗಳೋ ಧರ್ಮಗುರುಗಳೋ ಬಂದು ಬೈದು ಬುದ್ಧಿ ಹೇಳಲು ತೊಡಗಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ವಾಷಿಂಗ್ಟನ್‌ನಲ್ಲಿ ಪೊಲೀಸರು ಒಂದೂವರೆ ದಿನ ಕೇಳಿ ಕೇಳಿ ನೆಲ ಹದಗೊಳಿಸಿದ್ದರು. ರಾಯಭಾರಿಗಳು ಆ ಹದವನ್ನು ಕೆಡಿಸಲಿಲ್ಲ. ಧರ್ಮಗ್ರಂಥವನ್ನು ಎದುರಿನವನ ತಲೆಗೆ ಬಡಿಯುವ ಕೋಲಾಗಿ ಬಳಸದೆ, ಇಬ್ಬರೂ ಜೊತೆಯಾಗಿ ಕುಳಿತು ಓದುವ ಗ್ರಂಥವಾಗಿ ತೆರೆದರು.

ತಾಳ್ಮೆ ಮುರಿದಾಗ ಏನಾಗುತ್ತದೆಂಬುದಕ್ಕೂ ಅದೇ ದೇಶದಲ್ಲಿ ಉದಾಹರಣೆಯಿದೆ. 1993ರಲ್ಲಿ ಟೆಕ್ಸಾಸ್‌ನ ವೇಕೊ ಎಂಬಲ್ಲಿ ಒಂದು ಕ್ರೈಸ್ತ ಪಂಥದ ನೆಲೆಯನ್ನು 51 ದಿನ ಮುತ್ತಲಾಯಿತು. ಸಂಧಾನಕಾರರು ಮಾತಿನಿಂದಲೇ 35 ಮಂದಿಯನ್ನು ಹೊರತಂದಿದ್ದರು. ಆದರೆ ಒಂದು ಕಡೆ ಸಂಧಾನ ನಡೆಯುತ್ತಿದ್ದಂತೆಯೇ ಇನ್ನೊಂದು ಕಡೆ ಸಶಸ್ತ್ರ ದಳವು ವಿದ್ಯುತ್ ಕಡಿದು, ಟ್ಯಾಂಕುಗಳನ್ನು ನುಗ್ಗಿಸಿ ಒತ್ತಡ ಹೇರುತ್ತಿತ್ತು. ಏಪ್ರಿಲ್ 19ರಂದು ಅಲ್ಲಿ ಬೆಂಕಿ ಹೊತ್ತಿ 76 ಮಂದಿ ಸತ್ತರು. ಒಳಗಿದ್ದವರಲ್ಲಿ ಮಕ್ಕಳೂ ಇದ್ದರು.

ಪ್ರವಾದಿ(ಸ)ರ ಮಾದರಿ

ಈ ಪಾಠಗಳನ್ನು ಓದುವಾಗ ನಮಗೆ ಸೀರತ್ ಗ್ರಂಥಗಳ ಒಂದು ಘಟನೆ ಮತ್ತೆ ಮತ್ತೆ ನೆನಪಾಗುತ್ತದೆ. ಮಕ್ಕಾದ ಕುರೈಶರು ಉತ್ಬಃ ಬಿನ್ ರಬೀಅಃನನ್ನು ಪ್ರವಾದಿ(ಸ)ರ ಬಳಿಗೆ ಕಳುಹಿಸಿದರು. ಅವನು ಬಂದು ಕುಳಿತು, ಸಂಪತ್ತು ಬೇಕಾದರೆ ಸಂಪತ್ತು, ನಾಯಕತ್ವ ಬೇಕಾದರೆ ನಾಯಕತ್ವ, ರಾಜತ್ವ ಬೇಕಾದರೆ ರಾಜತ್ವ, ಭೂತಬಾಧೆಯೇನಾದರೂ ಇದ್ದರೆ ಚಿಕಿತ್ಸೆ ಕೊಡಿಸುವೆವೆಂದು ಹೇಳಿದನು. ಸಂದೇಶವಾಹಕರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಆದರೂ ಪ್ರವಾದಿ(ಸ)ರು ಒಂದು ಮಾತನ್ನೂ ತುಂಡರಿಸಲಿಲ್ಲ. ಅವನು ಸುಮ್ಮನಾದ ಮೇಲೆ, ಅಬುಲ್ ವಲೀದ್ ಎಂಬ ಅವನ ಗೌರವದ ಹೆಸರಿನಿಂದಲೇ ಕರೆದು, ಹೇಳಬೇಕಾದುದೆಲ್ಲ ಮುಗಿಯಿತೇ ಎಂದು ಕೇಳಿದರು. ಮುಗಿಯಿತೆಂದು ಅವನು ಹೇಳಿದ ಬಳಿಕವೇ ‘ಫುಸ್ಸಿಲತ್’ ಅಧ್ಯಾಯದ ಸೂಕ್ತಗಳನ್ನು ಓದಿದರು. ಉತ್ಬಃನು ಕೈಗಳನ್ನು ಹಿಂದಕ್ಕೆ ಊರಿಕೊಂಡು ಕೇಳುತ್ತಾ ಕುಳಿತನು. ಮರಳಿ ಬಂದಾಗ ಅವನ ಮುಖವೇ ಬದಲಾಗಿದೆಯೆಂದು ಅವನ ಜನರು ಹೇಳಿಕೊಂಡರು. ಕೇಳಿಸಿಕೊಂಡವರ ಮಾತಿಗೆ ಅವನೂ ಕಿವಿಗೊಟ್ಟನು.

ಹುದೈಬಿಯಾದ ಪ್ರಸಂಗವನ್ನೂ ನೆನೆಯೋಣ. ಸಂದೇಶ ಒಯ್ದ ಹ. ಉಸ್ಮಾನ್(ರ) ಅವರನ್ನು ಮಕ್ಕಾದಲ್ಲಿ ತಡೆಹಿಡಿಯಲಾಯಿತು. ಅವರನ್ನು ಕೊಲ್ಲಲಾಗಿದೆಯೆಂಬ ವದಂತಿ ಹಬ್ಬಿತು. ಸಹಾಬಿಗಳು ಮರದ ಕೆಳಗೆ ಪ್ರತಿಜ್ಞೆ ಮಾಡಿ ಪ್ರಾಣಕೊಡಲು ಸಿದ್ಧರಾದರು. ಆದರೆ ಉಸ್ಮಾನ್(ರ) ಬದುಕಿರುವರೆಂದು ತಿಳಿದು, ಸುಹೈಲ್ ಬಿನ್ ಅಮ್ರ್ ಸಂಧಾನಕ್ಕೆ ಬಂದಾಗ, ಪ್ರವಾದಿ(ಸ)ರು ಅವನ ಹಟಕ್ಕೆ ಮಣಿದು ಒಪ್ಪಂದ ಪತ್ರದಿಂದ ‘ಅಲ್ಲಾಹನ ರಸೂಲ್’ ಎಂಬ ಬರಹವನ್ನೂ ಅಳಿಸಲು ಒಪ್ಪಿದರು. ಬಲವಿದ್ದಾಗ ತಾಳ್ಮೆ ವಹಿಸುವುದು ದೌರ್ಬಲ್ಯವಲ್ಲವೆಂದು ಅಂದು ಜಗತ್ತು ಕಂಡಿತು. ಸೆರೆಯಾಳುಗಳನ್ನು ಬಿಡಿಸಬೇಕೆಂದು, ಹಸಿದವರಿಗೆ ಉಣಿಸುವ ಮತ್ತು ರೋಗಿಗಳನ್ನು ಸಂದರ್ಶಿಸುವ ಆಜ್ಞೆಯ ಜೊತೆಯಲ್ಲೇ ಪ್ರವಾದಿ(ಸ)ರು ಆದೇಶಿಸಿದ್ದಾರೆ.

ನಮ್ಮ ಮನೆ, ನಮ್ಮ ಜಮಾಅತ್

ಕೆಲವು ವರ್ಷಗಳ ಹಿಂದೆ ಒಂದು ದಂಪತಿಯ ವಿವಾದವನ್ನು ಬಗೆಹರಿಸಲು ನಮ್ಮನ್ನು ಕರೆದಿದ್ದರು. ಹುಡುಗನು ಮಾತು ಆರಂಭಿಸಿ ಎರಡು ನಿಮಿಷವೂ ಆಗಿರಲಿಲ್ಲ. ನಾವು ಹದೀಸ್‌ಗಳನ್ನು ಉದ್ಧರಿಸಿ ಪತ್ನಿಯ ಹಕ್ಕುಗಳ ಬಗ್ಗೆ ಅವನಿಗೆ ದೀರ್ಘ ಉಪದೇಶ ಮಾಡಿದೆವು. ನಾವು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವನು ತಲೆ ತಗ್ಗಿಸಿ ಕೇಳಿ, ಎದ್ದು ಹೊರಟುಹೋದನು. ಮುಂದಿನ ವಾರ ತಲಾಕಿನ ಪತ್ರ ಬಂತು. ಅವನಿಗೆ ಕೆಲಸ ಹೋಗಿ ಆರು ತಿಂಗಳಾಗಿತ್ತೆಂಬುದೂ, ಅದನ್ನು ಹೆಂಡತಿಗೂ ಹೇಳಲಾರದೆ ಒದ್ದಾಡುತ್ತಿದ್ದನೆಂಬುದೂ ನಮಗೆ ಆಮೇಲೆ ತಿಳಿಯಿತು. ಅಂದು ಇನ್ನರ್ಧ ಗಂಟೆ ಸುಮ್ಮನಿದ್ದಿದ್ದರೆ ಅದನ್ನು ಅವನೇ ಹೇಳುತ್ತಿದ್ದನೋ ಏನೋ. ಈ ಪಶ್ಚಾತ್ತಾಪ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ದಾಂಪತ್ಯದಲ್ಲಿ ಬಿರುಕು ಬಂದಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ತೀರ್ಪುಗಾರರನ್ನು ನೇಮಿಸಲು ‘ಅನ್ನಿಸಾ’ ಅಧ್ಯಾಯದಲ್ಲಿ ಕುರ್‌ಆನ್ ಆದೇಶಿಸಿದೆ. ನಮ್ಮ ಜಮಾಅತ್‌ಗಳಲ್ಲಿ ಈ ಕೆಲಸಕ್ಕೆ ಹಿರಿತನವನ್ನೋ ಸಿರಿತನವನ್ನೋ ಗಟ್ಟಿ ಧ್ವನಿಯನ್ನೋ ಅರ್ಹತೆಯಾಗಿ ನೋಡುತ್ತೇವೆ. ಬಂದೂಕುಧಾರಿಯೊಡನೆ ಮಾತನಾಡಲು ಪೊಲೀಸರು ನಾಲ್ಕು ವಾರ ಕಲಿಯುತ್ತಾರಾದರೆ, ಒಂದು ಕುಟುಂಬವನ್ನು ಉಳಿಸಲು ಕೂರುವವರು ನಾಲ್ಕು ದಿನವಾದರೂ ಕಲಿಯಬೇಡವೇ? ಪ್ರತಿ ಜಮಾಅತ್‌ನಲ್ಲಿ ತಾಳ್ಮೆಯುಳ್ಳ ಕೆಲವು ಪುರುಷರನ್ನೂ ಮಹಿಳೆಯರನ್ನೂ ಆರಿಸಿ, ಆಪ್ತ ಸಮಾಲೋಚನೆ ಬಲ್ಲವರಿಂದ ಅವರಿಗೆ ತರಬೇತಿ ಕೊಡಿಸುವುದು ಕಷ್ಟದ ಕೆಲಸವಲ್ಲ. ಒಬ್ಬರು ಮಾತನಾಡಲಿ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಅವರ ಕೋಪಕ್ಕೆ ಕಾವಲಿರಲಿ. ಮನೆಯಲ್ಲಿಯೂ, ಬಾಗಿಲು ಹಾಕಿಕೊಂಡು ಕುಳಿತ ಮಗನೊಡನೆ ಮಾತಿಗಿಳಿಯುವ ಮೊದಲು, ಅವನು ಹೇಳುವುದು ಮುಗಿಯಿತೇ ಎಂದು ಒಮ್ಮೆ ಕೇಳೋಣ.

ಮುಂದಿನ ವರ್ಷದ ಮದ್ರಸ ಸ್ಪರ್ಧೆಯಲ್ಲಿ ಒಂದು ಹೊಸ ಬಹುಮಾನವನ್ನು ಇಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಒಂದು ಮಗು ತನ್ನ ಕಷ್ಟವನ್ನು ಹೇಳುವುದು. ಇನ್ನೊಂದು ಮಗು ಅದನ್ನು ಪೂರ್ತಿ ಕೇಳಿ, ಕೇಳಿದ್ದನ್ನು ತಪ್ಪಿಲ್ಲದೆ ಹಿಂತಿರುಗಿ ಹೇಳುವುದು. ಬಹುಮಾನ ಕೇಳಿದ ಮಗುವಿಗೆ.

ಅನ್ಯಾಯಕ್ಕೊಳಗಾದವರು ಅನ್ಯಾಯಗಾರರಾಗದಂತೆ ಅಲ್ಲಾಹನು ಕಾಪಾಡಲಿ. ಸೆರೆಯಲ್ಲಿರುವ ಅಮಾಯಕರೆಲ್ಲರಿಗೂ ಬಿಡುಗಡೆಯನ್ನೂ, ನಮಗೆಲ್ಲರಿಗೂ ಕೇಳಿಸಿಕೊಳ್ಳುವ ತಾಳ್ಮೆಯನ್ನೂ ಅವನು ಅನುಗ್ರಹಿಸಲಿ. ಆಮೀನ್.